ಮಂಗಳ ಗ್ರಹದ ಋತುಗಳು: ಕಂಡ ಬದಲಾವಣೆಗೆ ಕಾರಣ ಹುಡುಕಿದ ಬಗೆ

ಋತುಮಾನದ ವಿಚಾರದಲ್ಲಿ ನಮ್ಮ ಬೆಳೆಗಾರ ಬಂಧುಗಳಿಗೆ ಹೊಸದಾಗಿ ಪಾಠ ಹೇಳಬೇಕಾದುದೇನೂ ಇಲ್ಲ. ಹೂಮಳೆ ಬಿದ್ದ ಎಷ್ಟನೆಯ ದಿನಕ್ಕೆ ಕಾಫಿ ಹೂ ಬಿರಿಯುತ್ತದೆ, ಯಾವ ಮಳೆ ಹಿಡಿಯುವುದರೊಳಗೆ ಅಡಿಕೆ ಕೊನೆಗೆ ಔಷಧಿ ಬಿದ್ದಿರಬೇಕು ಎಂಬುದನ್ನು ಪಂಚಾಂಗ ತೆರೆಯದೆಯೇ ನಾವು ಬಲ್ಲೆವು. ಆದರೆ ಋತುಗಳು ಭೂಮಿಗೆ ಮಾತ್ರ ಮೀಸಲಾದವಲ್ಲ. ಮಳೆಯಿಲ್ಲದ, ಒಂದು ಹುಲ್ಲುಗರಿಯೂ ಕಾಣದ ಮಂಗಳ ಗ್ರಹದಲ್ಲೂ ವರ್ಷವರ್ಷವೂ ಗೊತ್ತಾದ ಕಾಲಕ್ಕೆ ನೆಲದ ಬಣ್ಣ ಬದಲಾಗುತ್ತದೆ, ಹಿಮ ಬೀಳುತ್ತದೆ, ಹಿಮ ಹೋಗುತ್ತದೆ, ಇಳಿಜಾರುಗಳಲ್ಲಿ ಗೆರೆಗಳು ಮೂಡಿ ಮಾಸುತ್ತವೆ.

ಈ ಬದಲಾವಣೆಗಳನ್ನು ಜನರು ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ನೋಡುತ್ತಾ ಬಂದಿದ್ದಾರೆ. ನೋಡಿದ್ದು ಬಹುಮಟ್ಟಿಗೆ ಸರಿಯಾಗಿತ್ತು. ಅದಕ್ಕೆ ಹೇಳಿದ ಕಾರಣಗಳು ಮಾತ್ರ ಅನೇಕ ಸಲ ತಪ್ಪಾಗಿದ್ದವು. ಆ ತಪ್ಪುಗಳು ಹೇಗೆ ತಿದ್ದಿಹೋದವು ಎಂಬುದೇ ಈ ಪಾಠದ ವಿಷಯ. ಕಣ್ಣಿಗೆ ಕಂಡ ಗುರುತನ್ನು ನಂಬಿ ತೀರ್ಮಾನ ತೆಗೆದುಕೊಳ್ಳುವ ನಮ್ಮಂಥವರು ಇದನ್ನು ತಿಳಿದಿರುವುದು ಒಳ್ಳೆಯದೆಂದು ನಮ್ಮ ಭಾವನೆ.

ಮಂಗಳದ ವರ್ಷ

ಭೂಮಿಯು ತನ್ನ ಅಕ್ಷದಲ್ಲಿ 23.4 ಡಿಗ್ರಿ ಓರೆಯಾಗಿ ತಿರುಗುತ್ತದೆ. ಈ ಓರೆಯಿಂದಲೇ ನಮಗೆ ಬೇಸಿಗೆ, ಚಳಿಗಾಲಗಳು. ಮಂಗಳದ ಓರೆ 25.2 ಡಿಗ್ರಿ, ಹೆಚ್ಚುಕಡಿಮೆ ನಮ್ಮದರಷ್ಟೇ. ಅಲ್ಲಿನ ಒಂದು ದಿನವೂ ನಮ್ಮ ದಿನಕ್ಕಿಂತ 40 ನಿಮಿಷ ಮಾತ್ರ ದೊಡ್ಡದು. ಆದರೆ ಅದು ಸೂರ್ಯನನ್ನು ಒಂದು ಸುತ್ತು ಬರಲು ನಮ್ಮ 687 ದಿನಗಳು ಬೇಕು. ಆದುದರಿಂದ ಅಲ್ಲಿನ ಒಂದೊಂದು ಋತುವೂ ನಮ್ಮದಕ್ಕಿಂತ ಸುಮಾರು ಎರಡರಷ್ಟು ದೀರ್ಘ.

ಇನ್ನೊಂದು ವಿಶೇಷವುಂಟು. ಭೂಮಿಯ ಹಾದಿ ಹೆಚ್ಚುಕಡಿಮೆ ದುಂಡಗಿದೆ. ಮಂಗಳದ ಹಾದಿ ಮೊಟ್ಟೆಯಂತೆ ಉದ್ದ. ಸೂರ್ಯನಿಗೆ ಹತ್ತಿರ ಬಂದಾಗ 20.7 ಕೋಟಿ ಕಿಲೋಮೀಟರ್, ದೂರ ಹೋದಾಗ 24.9 ಕೋಟಿ ಕಿಲೋಮೀಟರ್. ಹತ್ತಿರವಿದ್ದಾಗ ಬೀಳುವ ಬಿಸಿಲು ದೂರವಿದ್ದಾಗಿನದಕ್ಕಿಂತ ಶೇಕಡಾ 45ರಷ್ಟು ಹೆಚ್ಚು. ಗ್ರಹವು ಹತ್ತಿರದಲ್ಲಿ ವೇಗವಾಗಿ, ದೂರದಲ್ಲಿ ನಿಧಾನವಾಗಿ ಸಾಗುತ್ತದೆ. ದಕ್ಷಿಣಾರ್ಧದ ಬೇಸಿಗೆ ಬರುವುದು ಗ್ರಹ ಹತ್ತಿರವಿರುವಾಗ. ಆದ್ದರಿಂದ ಅದು ಚಿಕ್ಕದು, ಆದರೆ ಬಿರುಸು. ಅಲ್ಲಿನ ಚಳಿಗಾಲ ಬರುವುದು ದೂರವಿರುವಾಗ. ಅದು ಉದ್ದ, ಬಲು ಕಠಿಣ. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ.

ಬಿಳಿ ಟೊಪ್ಪಿಗೆ, ಕಪ್ಪಾಗುವ ನೆಲ

1784ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞರು ಮಂಗಳದ ಎರಡು ಧ್ರುವಗಳಲ್ಲಿರುವ ಬಿಳಿ ಟೊಪ್ಪಿಗೆಗಳು ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತವೆಂದು ಬರೆದರು. ಮುಂದೆ ಇನ್ನೊಂದು ಸಂಗತಿ ಬೆಳಕಿಗೆ ಬಂತು. ವಸಂತದಲ್ಲಿ ಟೊಪ್ಪಿಗೆ ಕುಗ್ಗತೊಡಗಿದಂತೆ ಗ್ರಹದ ಮಸುಕು ಪ್ರದೇಶಗಳು ಇನ್ನಷ್ಟು ಕಪ್ಪಾಗುತ್ತಿದ್ದವು. ಆ ಕಪ್ಪು ಧ್ರುವದ ಕಡೆಯಿಂದ ನಡುರೇಖೆಯ ಕಡೆಗೆ ಹಬ್ಬಿದಂತೆ ತೋರುತ್ತಿತ್ತು.

ಇದನ್ನು ಕಂಡವರು ಏನೆಂದುಕೊಂಡರು? ಹಿಮ ಕರಗಿತು, ನೀರು ಹರಿಯಿತು, ಗಿಡ ಚಿಗುರಿತು ಎಂದುಕೊಂಡರು. ಭೂಮಿಯಲ್ಲಿ ಬಾಳುವವನಿಗೆ ಇದಕ್ಕಿಂತ ಸಹಜವಾದ ಊಹೆ ಬೇರೆ ಇಲ್ಲ. ನಾವಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆವು. ಅಮೆರಿಕದ ಪರ್ಸಿವಲ್ ಲೊವೆಲ್ ಅವರು 1894ರಲ್ಲಿ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ವೀಕ್ಷಣಾಲಯ ಕಟ್ಟಿಸಿ, ಮಂಗಳದ ಜನರು ಧ್ರುವದ ನೀರನ್ನು ಕಾಲುವೆಗಳಲ್ಲಿ ತಂದು ಬೇಸಾಯ ಮಾಡುತ್ತಾರೆಂದೇ ವಾದಿಸಿದರು. ಕಾಲುವೆಯ ಮಾತು ಬೇಗ ಬಿದ್ದುಹೋಯಿತು. 1909ರಲ್ಲಿ ಆಂಟೋನಿಯಾಡಿ ಎಂಬವರು ಫ್ರಾನ್ಸಿನ ಮ್ಯೂಡಾನ್‌ನ ದೊಡ್ಡ ದೂರದರ್ಶಕದಲ್ಲಿ ನೋಡಿದಾಗ ಗೆರೆಗಳಿದ್ದ ಕಡೆ ಬಿಡಿಬಿಡಿ ಮಚ್ಚೆಗಳು ಕಂಡವು. ಆದರೆ ಪಾಚಿಯಂಥ ಸಸ್ಯವಿರಬಹುದೆಂಬ ಊಹೆ 1960ರ ದಶಕದವರೆಗೂ ಉಳಿಯಿತು.

1956ರಿಂದ ಮುಂದೆ ವಿಲಿಯಂ ಸಿಂಟನ್ ಎಂಬ ವಿಜ್ಞಾನಿಗಳಿಗೆ ಮಂಗಳದ ಅವಕೆಂಪು ಬೆಳಕಿನಲ್ಲಿ ಸಸ್ಯವಸ್ತುವನ್ನು ಹೋಲುವ ಗುರುತುಗಳು ಸಿಕ್ಕಾಗ ಈ ಊಹೆಗೆ ಸಾಕ್ಷಿಯೂ ದೊರೆತಂತಾಯಿತು. ಆದರೆ 1965ರಲ್ಲಿ ಆ ಗುರುತುಗಳ ನಿಜ ತಿಳಿಯಿತು. ಅವು ಮಂಗಳದವಲ್ಲ, ನಮ್ಮ ಭೂಮಿಯ ಗಾಳಿಯಲ್ಲಿರುವ ಭಾರಜಲದ ಆವಿಯವು. ಅಂದರೆ ನೋಡುವವರ ತಲೆಯ ಮೇಲಿದ್ದ ಗಾಳಿಯೇ ಸುಳ್ಳು ಸಾಕ್ಷಿ ಹೇಳಿತ್ತು! ಈ ತೊಡಕು ತಪ್ಪಬೇಕಾದರೆ ಅಲ್ಲಿಗೇ ಹೋಗಿ, ಹತ್ತಿರದಿಂದ ನೋಡಬೇಕಿತ್ತು.

ಕಕ್ಷೆಯಿಂದ ಕಂಡ ಧೂಳು

1965ರ ಜುಲೈಯಲ್ಲಿ ಮ್ಯಾರಿನರ್-4 ನೌಕೆ ಮಂಗಳದ ಪಕ್ಕದಲ್ಲಿ ಹಾದುಹೋಗುತ್ತಾ ಇಪ್ಪತ್ತೊಂದು ಚಿತ್ರಗಳನ್ನು ಕಳಿಸಿತು. ಕಂಡದ್ದು ಚಂದ್ರನಲ್ಲಿರುವಂಥ ಕುಳಿಗಳು. ಆದರೆ ಹಾದುಹೋಗುವ ನೌಕೆ ಋತುವನ್ನು ನೋಡಲಾರದು. ಬಸ್ಸಿನ ಕಿಟಕಿಯಿಂದ ಕಂಡ ತೋಟದ ವರ್ಷದ ಫಸಲನ್ನು ಯಾರೂ ಹೇಳಲಾರರು. ಅಲ್ಲೇ ನಿಂತು ಸುತ್ತುವ ನೌಕೆ ಬೇಕಿತ್ತು. 1971ರ ನವೆಂಬರ್ 14ರಂದು ಮ್ಯಾರಿನರ್-9 ಮಂಗಳದ ಕಕ್ಷೆ ಸೇರಿತು. ಭೂಮಿಯಲ್ಲದ ಇನ್ನೊಂದು ಗ್ರಹವನ್ನು ಸುತ್ತಿದ ಮೊದಲ ನೌಕೆ ಇದು.

ತಲುಪಿದಾಗ ಇಡೀ ಗ್ರಹವೇ ಧೂಳಿನ ಬಿರುಗಾಳಿಯಲ್ಲಿ ಮುಚ್ಚಿಹೋಗಿತ್ತು. ಅದೇ ಸಮಯಕ್ಕೆ ಬಂದ ಸೋವಿಯತ್ ದೇಶದ ಎರಡು ನೌಕೆಗಳಿಗೆ ಕೆಲಸವನ್ನು ಮೊದಲೇ ಗೊತ್ತುಮಾಡಿ ಕಳಿಸಲಾಗಿತ್ತು. ಅವು ಆ ಧೂಳಿನಲ್ಲೇ ಇಳಿಗಾಡಿಗಳನ್ನು ಇಳಿಸಿದವು. ಒಂದು ನೆಲಕ್ಕೆ ಅಪ್ಪಳಿಸಿತು. ಇನ್ನೊಂದು ಇಳಿದ ಕೆಲವೇ ಕ್ಷಣಗಳಲ್ಲಿ ಮೌನವಾಯಿತು. ಮ್ಯಾರಿನರ್-9ಕ್ಕೆ ಮಾತ್ರ ಭೂಮಿಯಿಂದ ಹೊಸ ಆಜ್ಞೆ ಕೊಡಬಹುದಿತ್ತು. ಧೂಳು ಇಳಿಯುವವರೆಗೂ ಕಾಯಿಸಿ, ಆಮೇಲೆ ಚಿತ್ರ ತೆಗೆಸಿದರು. 1972ರ ಅಕ್ಟೋಬರ್‌ವರೆಗೆ ಅದು ಏಳು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕಳಿಸಿತು.

ಒಂದೇ ಸ್ಥಳದ ಚಿತ್ರಗಳನ್ನು ವಾರ ವಾರ ಹೋಲಿಸಿದಾಗ ಗುಟ್ಟು ಬಯಲಾಯಿತು. ಕುಳಿಗಳ ಹಿಂದೆ ಬಾಲದಂತೆ ಚಾಚಿದ ಬಿಳಿ ಮತ್ತು ಕಪ್ಪು ಪಟ್ಟಿಗಳು ಗಾಳಿ ಬೀಸಿದ ದಿಕ್ಕಿಗೇ ಇದ್ದವು. ಕಪ್ಪು ಪಟ್ಟಿಗಳು ಬೆಳೆಯುತ್ತಿದ್ದವು, ಆಕಾರ ಬದಲಿಸುತ್ತಿದ್ದವು. ಮಂಗಳದ ಕಲ್ಲು ಮತ್ತು ಮರಳು ಕಪ್ಪು. ಅದರ ಮೇಲೆ ಕೂರುವ ನಯವಾದ ಧೂಳು ತಿಳಿಬಣ್ಣ. ಮಾರ್ಚ್ ತಿಂಗಳಲ್ಲಿ ಮಣ್ಣುರಸ್ತೆಯ ಬದಿಯ ಕಾಫಿ ಗಿಡ ಹೇಗೆ ಧೂಳು ಹೊದ್ದು ಬಣ್ಣಗೆಡುತ್ತದೋ ಹಾಗೆಯೇ ಅಲ್ಲಿನ ಬಂಡೆ ಬಣ್ಣಗೆಡುತ್ತದೆ. ನಮ್ಮಲ್ಲಿ ಮಳೆ ಬಂದು ತೊಳೆಯುತ್ತದೆ. ಅಲ್ಲಿ ಧೂಳು ಹೊದಿಸುವುದೂ ಗಾಳಿಯೇ, ಗುಡಿಸುವುದೂ ಗಾಳಿಯೇ. ಗಾಳಿಯ ಬಲ ಋತುವಿನೊಡನೆ ಬದಲಾಗುವುದರಿಂದ ನೆಲದ ಬಣ್ಣವೂ ಋತುವಿನೊಡನೆ ಬದಲಾಗುತ್ತದೆ. ಕಾರ್ಲ್ ಸೇಗನ್ ಮತ್ತು ಜೇಮ್ಸ್ ಪೊಲಾಕ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲೇ ಈ ಮಾತು ಹೇಳಿದ್ದರು. ಕಕ್ಷೆಯ ಚಿತ್ರಗಳು ಅದನ್ನು ತೋರಿಸಿಕೊಟ್ಟವು. ಗಿಡ ಚಿಗುರಿದ್ದಲ್ಲ, ಧೂಳು ಹಾರಿದ್ದು.

ಗಾಳಿಯೇ ಹೆಪ್ಪುಗಟ್ಟುವ ಚಳಿ

ಇನ್ನು ಬಿಳಿ ಟೊಪ್ಪಿಗೆಯ ವಿಚಾರ. ಮಂಗಳದ ಗಾಳಿ ಬಲು ತೆಳು. ಅದರ ಒತ್ತಡ ನಮ್ಮ ಗಾಳಿಯ ಒತ್ತಡದ ನೂರರಲ್ಲಿ ಒಂದು ಪಾಲೂ ಇಲ್ಲ. ಅದರಲ್ಲಿ ಶೇಕಡಾ 95ರಷ್ಟು ಇಂಗಾಲದ ಡೈಆಕ್ಸೈಡ್. 1966ರಲ್ಲಿ ಲೇಟನ್ ಮತ್ತು ಮರ್ರೆ ಎಂಬ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದರು: ಚಳಿಗಾಲದಲ್ಲಿ ಧ್ರುವದ ನೆಲ ಸೊನ್ನೆಗಿಂತ ಸುಮಾರು 125 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಾಗ ಈ ಗಾಳಿಯೇ ಹೆಪ್ಪುಗಟ್ಟಿ ನೆಲದ ಮೇಲೆ ಕೂರಬೇಕು. ಮುಂದಿನ ನೌಕೆಗಳ ಅಳತೆಗಳು ಅದನ್ನು ದೃಢಪಡಿಸಿದವು. ಪ್ರತಿ ವರ್ಷ ಹಿಗ್ಗಿ ಕುಗ್ಗುವ ಬಿಳಿ ಹೊದಿಕೆ ನೀರಿನ ಹಿಮವಲ್ಲ, ಇಂಗಾಲದ ಡೈಆಕ್ಸೈಡಿನ ಒಣಹಿಮ. ಉತ್ತರ ಧ್ರುವದಲ್ಲಿ ಈ ಹೊದಿಕೆ ಬೇಸಿಗೆಯಲ್ಲಿ ಪೂರ್ತಿ ಹೋದ ಮೇಲೆ ಉಳಿಯುವ ಗಡ್ಡೆ ಮಾತ್ರ ನಿಜವಾದ ನೀರಿನ ಮಂಜುಗಡ್ಡೆ.

1976ರಲ್ಲಿ ನೆಲಕ್ಕಿಳಿದ ಎರಡು ವೈಕಿಂಗ್ ನೌಕೆಗಳು ಧ್ರುವಗಳಿಂದ ದೂರವಿದ್ದರೂ ಈ ವ್ಯಾಪಾರವನ್ನು ಅಳೆದವು. ವೈಕಿಂಗ್-1 ಇದ್ದಲ್ಲಿ ಗಾಳಿಯ ಒತ್ತಡ ವರ್ಷದಲ್ಲಿ ಸುಮಾರು 7ರಿಂದ 9 ಮಿಲಿಬಾರ್‌ವರೆಗೆ ಏರಿಳಿಯಿತು. ಒತ್ತಡ ತೀರ ಕಡಿಮೆಯಾದದ್ದು ದಕ್ಷಿಣದ ಆ ದೀರ್ಘ ಚಳಿಗಾಲದಲ್ಲಿ. ಅಂದರೆ ಗ್ರಹದ ಗಾಳಿಯ ಸುಮಾರು ಕಾಲು ಭಾಗ ಆಗ ದಕ್ಷಿಣ ಧ್ರುವದಲ್ಲಿ ಹಿಮವಾಗಿ ಮಲಗಿತ್ತು. ನಮ್ಮ ಊರಿನ ಗಾಳಿಯ ಕಾಲು ಭಾಗ ಪುಷ್ಯ ಮಾಸದಲ್ಲಿ ನೆಲಕ್ಕೆ ಬಿದ್ದು, ಚೈತ್ರದಲ್ಲಿ ಮತ್ತೆ ಮೇಲೇಳುವುದನ್ನು ಊಹಿಸಿಕೊಂಡರೆ ಇದರ ಅಗಾಧತೆ ತಿಳಿದೀತು. ಮುಂದೆ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಲೇಸರ್ ಬೆಳಕಿನಿಂದ ನೆಲದ ಎತ್ತರವನ್ನು ಅಳೆದಾಗ ಧ್ರುವಗಳ ಬಳಿ ಹಿಮ ಒಂದೂವರೆ ಎರಡು ಮೀಟರ್ ದಪ್ಪ ಬೆಳೆಯುವುದೆಂದು 2001ರಲ್ಲಿ ಪ್ರಕಟವಾಯಿತು.

ಕರಗದ ಹಿಮದ ಕೆಲಸಗಳು

ಒಣಹಿಮ ಕರಗಿ ನೀರಾಗುವುದಿಲ್ಲ. ಡಬ್ಬಿಯಲ್ಲಿಟ್ಟ ಕರ್ಪೂರದಂತೆ ನೇರವಾಗಿ ಆವಿಯಾಗಿ ಹೋಗುತ್ತದೆ. ಹೋಗುವಾಗ ಸುಮ್ಮನೆ ಹೋಗುವುದಿಲ್ಲ.

ದಕ್ಷಿಣ ಧ್ರುವದಲ್ಲಿ ಚಳಿಗಾಲ ಮುಗಿಯುವಾಗ ಈ ಹಿಮ ಗಾಜಿನಂತೆ ಬೆಳಕು ಬಿಡುವ ಹಲಗೆಯಾಗಿರುತ್ತದೆ. ವಸಂತದ ಬಿಸಿಲು ಹಲಗೆಯನ್ನು ದಾಟಿ ಅಡಿಯ ಕಪ್ಪು ನೆಲವನ್ನು ಕಾಯಿಸುತ್ತದೆ. ಹಿಮ ಅಡಿಯಿಂದ ಆವಿಯಾಗುತ್ತದೆ. ಆವಿಗೆ ಹೊರಬರಲು ದಾರಿಯಿಲ್ಲದೆ ಒತ್ತಡ ಏರುತ್ತದೆ. ಕಡೆಗೆ ಹಲಗೆ ಎಲ್ಲಿ ದುರ್ಬಲವೋ ಅಲ್ಲಿ ಒಡೆದು ಧೂಳನ್ನೂ ಹೊತ್ತು ಚಿಮ್ಮುತ್ತದೆ. ಆ ಧೂಳು ಗಾಳಿ ಬೀಸಿದ ಕಡೆ ಬೀಸಣಿಗೆಯ ಆಕಾರದಲ್ಲಿ ಬೀಳುತ್ತದೆ. ಆವಿ ನುಗ್ಗಿದ ಹಾದಿಯಲ್ಲಿ ನೆಲ ಕೊರೆದು ಜೇಡನ ಕಾಲುಗಳಂಥ ಕಾಲುವೆಗಳಾಗುತ್ತವೆ. ಹಿಮವೆಲ್ಲ ಹೋದ ಮೇಲೆ ಬೀಸಣಿಗೆಗಳು ನೆಲದ ಬಣ್ಣದಲ್ಲೇ ಬೆರೆತು ಮಾಯವಾಗುತ್ತವೆ, ಜೇಡಗಳು ಉಳಿಯುತ್ತವೆ. ಹ್ಯೂ ಕೀಫರ್ ಮತ್ತು ಸಂಗಡಿಗರು 2006ರಲ್ಲಿ ಕೊಟ್ಟ ವಿವರಣೆ ಇದು. ಚಿಮ್ಮುವ ಕ್ಷಣವನ್ನು ಯಾವ ಕ್ಯಾಮೆರಾವೂ ಹಿಡಿದಿಲ್ಲ; ಹಿಮದ ಉಷ್ಣತೆ, ಮಚ್ಚೆ ಮೂಡುವ ಕಾಲ, ಬೀಸಣಿಗೆಯ ದಿಕ್ಕು ಇವನ್ನೆಲ್ಲ ಜೋಡಿಸಿ ಈ ತೀರ್ಮಾನಕ್ಕೆ ಬಂದದ್ದು.

2006ರ ಮಾರ್ಚ್‌ನಲ್ಲಿ ಮಂಗಳವನ್ನು ತಲುಪಿದ ಮಾರ್ಸ್ ರಿಕಾನಸೆನ್ಸ್ ಆರ್ಬಿಟರ್ ನೌಕೆಯ ಹೈರೈಸ್ ಕ್ಯಾಮೆರಾ ಸುಮಾರು 300 ಕಿಲೋಮೀಟರ್ ಮೇಲಿನಿಂದ ಒಂದು ಮೀಟರ್ ಗಾತ್ರದ ಬಂಡೆಯನ್ನೂ ಗುರುತಿಸಬಲ್ಲದು. 2008ರ ಫೆಬ್ರವರಿ 19ರಂದು ಉತ್ತರ ಧ್ರುವದ ವಸಂತದಲ್ಲಿ, ಹಿಮ ಹೋಗುವ ಬಗೆಯನ್ನು ನೋಡಲೆಂದು ತೆಗೆದ ಚಿತ್ರದಲ್ಲಿ, 700 ಮೀಟರ್‌ಗೂ ಎತ್ತರದ ಕಡಿದಾದ ದರೆಯಿಂದ ಹಿಮ ಮತ್ತು ಧೂಳು ಕುಸಿಯುತ್ತಿರುವುದೇ ಸೆರೆಯಾಯಿತು. ಅದೇ ಜಾಗವನ್ನು ಮತ್ತೆ ಮತ್ತೆ ನೋಡುತ್ತಿದ್ದುದರಿಂದ ಸಿಕ್ಕ ಫಲ ಅದು.

ಇಳಿಜಾರಿನ ಕಪ್ಪು ಗೆರೆಗಳು

ಈಗ ಇತ್ತೀಚಿನ ದೊಡ್ಡ ಪ್ರಕರಣಕ್ಕೆ ಬರೋಣ. ನೇಪಾಳದಲ್ಲಿ ಹುಟ್ಟಿ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲುಜೇಂದ್ರ ಓಜಾ ಎಂಬ ವಿದ್ಯಾರ್ಥಿ ಹೈರೈಸ್ ಚಿತ್ರಗಳನ್ನು ಹೋಲಿಸುವಾಗ ಕಡಿದಾದ ಇಳಿಜಾರುಗಳಲ್ಲಿ ಕಪ್ಪು ಗೆರೆಗಳನ್ನು ಗಮನಿಸಿದರು. ಅವು ಬೆಚ್ಚಗಿನ ಕಾಲದಲ್ಲಿ ಮೂಡಿ, ದಿನದಿನಕ್ಕೆ ಕೆಳಮುಖವಾಗಿ ಬೆಳೆದು, ಚಳಿಯಲ್ಲಿ ಮಾಸಿ, ಮರುವರ್ಷ ಮತ್ತೆ ಮೂಡುತ್ತಿದ್ದವು. 2011ರಲ್ಲಿ ಆಲ್ಫ್ರೆಡ್ ಮೆಕ್ಯುವೆನ್ ಅವರ ತಂಡ ಇದನ್ನು ಪ್ರಕಟಿಸಿ, ಉಪ್ಪುನೀರು ಜಿನುಗುತ್ತಿರಬಹುದೆಂದು ಸೂಚಿಸಿತು. 2015ರಲ್ಲಿ ಅಲ್ಲಿ ನೀರು ಹಿಡಿದ ಲವಣಗಳ ಗುರುತು ಸಿಕ್ಕಿತೆಂಬ ಸುದ್ದಿ ಲೋಕವೆಲ್ಲ ಹಬ್ಬಿತು.

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ನೀರಿದ್ದರೆ ಜೀವವಿರಬಹುದು. ಭೂಮಿಯ ಸೂಕ್ಷ್ಮಜೀವಿಗಳು ಅಂಟಿಕೊಂಡ ನೌಕೆಯನ್ನು ಅಂಥಲ್ಲಿಗೆ ಕಳಿಸಿದರೆ ಅಲ್ಲಿಗೆ ನಾವೇ ಸೋಂಕು ಹೊತ್ತಂತಾಗುತ್ತದೆ. ಮುಂದೆ ಎಲ್ಲಿ ಇಳಿಯಬೇಕು, ಎಲ್ಲಿ ಇಳಿಯಬಾರದು ಎಂಬುದೆಲ್ಲ ಈ ಗೆರೆಯ ಕಾರಣದ ಮೇಲೆ ನಿಂತಿತ್ತು.

2017ರಲ್ಲಿ ಕಾಲಿನ್ ಡುಂಡಾಸ್ ಅವರ ತಂಡ ಗೆರೆಗಳು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತವೆ, ಆ ಇಳಿಜಾರು ಎಷ್ಟು ಕಡಿದು ಎಂದು ಅಳೆಯಿತು. ಹೆಚ್ಚುಕಡಿಮೆ ಎಲ್ಲ ಗೆರೆಗಳೂ 27 ಡಿಗ್ರಿಗಿಂತ ಕಡಿದಾದ ಕಡೆ ಮಾತ್ರ ಇದ್ದವು. ಇಳಿಜಾರು ಅಷ್ಟಕ್ಕೆ ಇಳಿದೊಡನೆ ನಿಂತುಬಿಡುತ್ತಿದ್ದವು. ಇದರ ಅರ್ಥ ನಮಗೆ ಬೇಗ ತಿಳಿಯುತ್ತದೆ. ಒಣಗಿದ ಚೆರಿ ಕಾಫಿಯನ್ನು ಚೀಲದಿಂದ ಕಣಕ್ಕೆ ಸುರಿದರೆ ರಾಶಿ ಒಂದು ಮಟ್ಟದವರೆಗೆ ಕಡಿದಾಗಿ ನಿಲ್ಲುತ್ತದೆ. ಅದನ್ನು ಮೀರಿದರೆ ಜಾರುತ್ತದೆ. ಜಾರಿದ್ದು ಇಳಿಜಾರು ತಗ್ಗಿದ ಕಡೆ ನಿಲ್ಲುತ್ತದೆ. ನೀರು ಹಾಗಲ್ಲ, ಚಪ್ಪಟೆ ಕಣದಲ್ಲೂ ಹರಿಯುತ್ತದೆ. ಒಣ ಮರಳು ನಿಲ್ಲುವ ಕಡೆಯಲ್ಲೇ ಗೆರೆಗಳು ನಿಲ್ಲುವುದರಿಂದ ಅಲ್ಲಿ ಜಾರುತ್ತಿರುವುದು ಬಹುಮಟ್ಟಿಗೆ ಒಣ ಮರಳು ಮತ್ತು ಧೂಳೇ ಎಂಬ ಅಭಿಪ್ರಾಯ ಬಲವಾಯಿತು. ಲವಣದ ಗುರುತುಗಳಲ್ಲಿ ಕೆಲವು ಉಪಕರಣದ ಮಾಹಿತಿಯನ್ನು ಸಂಸ್ಕರಿಸುವಾಗ ಉಂಟಾದ ದೋಷವಿರಬಹುದೆಂದು 2018ರಲ್ಲಿ ತೋರಿಸಲಾಯಿತು. ಅದೇ ವರ್ಷ ಇಡೀ ಗ್ರಹವನ್ನು ಮುಚ್ಚಿದ ಧೂಳಿನ ಬಿರುಗಾಳಿಯ ನಂತರ ಗೆರೆಗಳ ಸಂಖ್ಯೆ ಬಹಳ ಹೆಚ್ಚಿತು. ಧೂಳಿಗೂ ಗೆರೆಗೂ ನಂಟಿರುವುದಕ್ಕೆ ಅದೊಂದು ಸಾಕ್ಷಿ.

ಗಮನಿಸಿರಿ: ನೂರು ವರ್ಷಗಳ ಹಿಂದೆ ಕಪ್ಪಾದ ನೆಲಕ್ಕೆ ನೀರು ಕಾರಣವೆಂದರು, ಅದು ಧೂಳಾಯಿತು. ನಮ್ಮ ಕಾಲದಲ್ಲೂ ಕಪ್ಪು ಗೆರೆಗೆ ನೀರು ಕಾರಣವೆಂದರು, ಅದೂ ಧೂಳಿನ ಕಡೆಗೇ ಹೊರಳಿತು.

ನೋಡುವ ಹೊತ್ತೂ ಮುಖ್ಯ

ಮಾರ್ಸ್ ರಿಕಾನಸೆನ್ಸ್ ನೌಕೆ ಯಾವ ಜಾಗದ ಮೇಲೆ ಹಗಲು ಹಾದರೂ ಅಲ್ಲಿನ ಹೊತ್ತು ಮಧ್ಯಾಹ್ನ ಸುಮಾರು ಮೂರು ಗಂಟೆ. ಇದರಿಂದ ಎಲ್ಲ ಚಿತ್ರಗಳಲ್ಲೂ ಬಿಸಿಲು, ನೆರಳು ಒಂದೇ ಬಗೆ, ಹೋಲಿಕೆ ಸುಲಭ. ಆದರೆ ಮುಂಜಾನೆ ಮಾತ್ರ ಇದ್ದು ಹೋಗುವುದು ಅದರ ಕಣ್ಣಿಗೆ ಬೀಳದು. 2016ರಲ್ಲಿ ಮಂಗಳ ಸೇರಿದ ಯುರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್ ಬೇರೆ ಬೇರೆ ಹೊತ್ತಿನಲ್ಲಿ ನೋಡಬಲ್ಲದು. ಅದರ ಮುಂಜಾನೆಯ ಚಿತ್ರಗಳಲ್ಲಿ ನಡುರೇಖೆಯ ಹತ್ತಿರದ ಭಾರಿ ಜ್ವಾಲಾಮುಖಿಗಳ ನೆತ್ತಿಯ ಮೇಲೆ ನೀರಿನ ಇಬ್ಬನಿಹಿಮ ಕಂಡಿತೆಂದು 2024ರಲ್ಲಿ ಪ್ರಕಟವಾಯಿತು. ಅದರ ದಪ್ಪ ಒಂದು ಕೂದಲೆಳೆಯಷ್ಟು. ಬಿಸಿಲೇರಿದ ಕೆಲವು ಗಂಟೆಗಳಲ್ಲಿ ಇಲ್ಲ. ನೀರಿಲ್ಲವೆಂದುಕೊಂಡ ಕಡೆ ನೀರು ಸಿಕ್ಕಿತು, ಅದೂ ಹೊತ್ತು ಬದಲಿಸಿ ನೋಡಿದ್ದರಿಂದ.

ನಮ್ಮ ದೇಶದ ಮಂಗಳಯಾನವನ್ನೂ ಇಲ್ಲಿ ನೆನೆಯಬೇಕು. 2013ರ ನವೆಂಬರ್ 5ರಂದು ಶ್ರೀಹರಿಕೋಟೆಯಿಂದ ಹೊರಟು 2014ರ ಸೆಪ್ಟೆಂಬರ್ 24ರಂದು ಅದು ಮಂಗಳದ ಕಕ್ಷೆ ಸೇರಿತು. ಅದನ್ನು ನಡೆಸಿದ್ದು ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ. ಅದರ ಕ್ಷೀಣ ಸಂಕೇತಗಳನ್ನು ಹಿಡಿದದ್ದು ಬೆಂಗಳೂರಿನ ಬಳಿಯ ಬ್ಯಾಲಾಳು ಗ್ರಾಮದ 32 ಮೀಟರ್ ಅಗಲದ ಆಂಟೆನಾ. ಅದರ ಕಕ್ಷೆ ಬಲು ಉದ್ದ. ದೂರದ ತುದಿ 70,000 ಕಿಲೋಮೀಟರ್‌ಗೂ ಆಚೆ. ಹತ್ತಿರದ ನೌಕೆಗಳಿಗೆ ಒಂದು ಪಟ್ಟಿ ನೆಲ ಕಂಡರೆ ಮಂಗಳಯಾನದ ಕ್ಯಾಮೆರಾಕ್ಕೆ ಧ್ರುವದ ಹಿಮ, ಮೋಡ, ಧೂಳುಗಳೊಡನೆ ಇಡೀ ಗ್ರಹ ಒಂದೇ ಚಿತ್ರದಲ್ಲಿ ಕಾಣುತ್ತಿತ್ತು. ಆರು ತಿಂಗಳಿಗೆಂದು ಕಳಿಸಿದ ನೌಕೆ 2022ರಲ್ಲಿ ಸಂಪರ್ಕ ಕಡಿದುಹೋಗುವವರೆಗೆ ಏಳು ವರ್ಷಕ್ಕೂ ಮೀರಿ, ಅಂದರೆ ಮಂಗಳದ ನಾಲ್ಕು ಪೂರ್ಣ ವರ್ಷಗಳ ಕಾಲ ಕಕ್ಷೆಯಲ್ಲಿ ಬಾಳಿತು.

ನಮಗೆ ಇದರಿಂದ ತಿಳಿಯುವುದು

ಒಂದನೆಯದಾಗಿ, ಬದಲಾವಣೆ ಋತುವಿಗೆ ಸರಿಯಾಗಿ ಬಂದರೆ ಅದಕ್ಕೆ ಬಿಸಿಲು, ಚಳಿ, ಗಾಳಿಗಳೊಡನೆ ನಂಟಿದೆ ಎಂದಷ್ಟೇ ತಿಳಿಯುತ್ತದೆ. ಕಾರಣ ಯಾವುದೆಂದು ತಿಳಿಯುವುದಿಲ್ಲ. ಎರಡನೆಯದಾಗಿ, ಒಂದೇ ಜಾಗವನ್ನು ವರ್ಷವಿಡೀ, ಮತ್ತೆ ಮರುವರ್ಷವೂ ನೋಡಬೇಕು. ಹಾಗಲ್ಲದೆ ಬಂದುಹೋಗುವ ಬದಲಾವಣೆ ಯಾವುದು, ನಿಂತುಹೋಗುವ ಬದಲಾವಣೆ ಯಾವುದೆಂದು ಗೊತ್ತಾಗದು. ಮೂರನೆಯದಾಗಿ, ನಮಗೆ ರೂಢಿಯಾದ ಕಾರಣವೇ ಮೊದಲು ಹೊಳೆಯುತ್ತದೆ. ಅದನ್ನು ಒಪ್ಪುವ ಮೊದಲು, ಇದಲ್ಲದೆ ಬೇರೆ ಕಾರಣವಿದ್ದರೆ ಯಾವ ಗುರುತು ಬೇರೆಯಾಗಿರುತ್ತಿತ್ತು ಎಂದು ಕೇಳಿ ಅಳೆದು ನೋಡಬೇಕು.

ಅಡಿಕೆ ಮರದ ಸೋಗೆ ಹಳದಿಯಾದರೆ ಬೇರಿಗೆ ನೀರು ನಿಂತಿರಬಹುದು, ಪೋಷಕಾಂಶದ ಕೊರತೆಯಿರಬಹುದು, ಹಳದಿ ಎಲೆ ರೋಗವೇ ಇರಬಹುದು. ದೂರದಿಂದ ಮೂರೂ ಒಂದೇ ಹಳದಿ. ಮಾಡಬೇಕಾದ ಉಪಾಯ ಮಾತ್ರ ಮೂರು ಬೇರೆ. ಯಾವ ಸಾಲಿನ ಮರ, ಯಾವ ತಿಂಗಳು, ಮೊದಲು ಯಾವ ಸೋಗೆ ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡವರಿಗೆ ತಜ್ಞರೂ ಸರಿಯಾದ ಸಲಹೆ ಕೊಡಬಲ್ಲರು.

ಮಂಗಳವನ್ನು ನೋಡಬಯಸುವ ಸದಸ್ಯರು 2027ರ ಫೆಬ್ರವರಿ 19ರ ಆಸುಪಾಸಿನಲ್ಲಿ, ಕತ್ತಲಾದ ಮೇಲೆ ಪೂರ್ವ ದಿಕ್ಕಿಗೆ ನೋಡಬಹುದು. ಸಿಂಹ ರಾಶಿಯಲ್ಲಿ, ಮಖಾ ನಕ್ಷತ್ರದ ನೆರೆಯಲ್ಲಿ ಕೆಂಪಾಗಿ ಹೊಳೆಯುವುದೇ ಮಂಗಳ. ನಮ್ಮಿಂದ ಸುಮಾರು 10 ಕೋಟಿ ಕಿಲೋಮೀಟರ್ ದೂರ. ಆಗ ಅದರ ಉತ್ತರಾರ್ಧದಲ್ಲಿ ವಸಂತ ಮುಗಿಯುತ್ತಾ ಬಂದಿರುತ್ತದೆ, ದಕ್ಷಿಣ ಧ್ರುವದಲ್ಲಿ ಗಾಳಿ ಹಿಮವಾಗಿ ಇಳಿಯುತ್ತಿರುತ್ತದೆ.